ಘಟ್ಟದ ಪ್ಲಾಸ್ಟಿಕ್, ಕಡಲಿನ ಲೆಕ್ಕ

ಆಟಿ ತಿಂಗಳಲ್ಲಿ ಎರಡು ದಿನ ಬಿಡದೆ ಮಳೆ ಹೊಡೆಯಿತೆಂದರೆ ಪುತ್ತೂರು ತಾಲೂಕಿನವರ ಕಿವಿಯೆಲ್ಲ ಉಪ್ಪಿನಂಗಡಿಯ ಕಡೆಗೆ. 'ಸಂಗಮ ಆಯಿತಾ?' ಎಂಬುದೊಂದೇ ಪ್ರಶ್ನೆ. ಒಂದು ಕಡೆಯಿಂದ ನೇತ್ರಾವತಿ, ಇನ್ನೊಂದು ಕಡೆಯಿಂದ ಕುಮಾರಧಾರಾ ಉಕ್ಕಿ ಬಂದು ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರಿನಲ್ಲಿ ಒಂದಾದರೆ ಅದು ಸಂಗಮ. ಗಂಗಾಪೂಜೆ ನಡೆಯುತ್ತದೆ, ಜನ ಕೊಡೆ ಹಿಡಿದು ನೋಡಲು ಬರುತ್ತಾರೆ. ಹೊಳೆ ಎಷ್ಟು ಮೀಟರಿಗೆ ಏರಿತು, ಅಪಾಯದ ಮಟ್ಟಕ್ಕೆ ಇನ್ನೆಷ್ಟಿದೆ ಎಂಬುದು ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ.

ನೀರನ್ನು ಹೀಗೆ ಅಳೆಯಲು ಕಂಬವಿದೆ. ನೀರಿನೊಂದಿಗೆ ಇಳಿದು ಹೋಗುವುದನ್ನು ಅಳೆಯಲು ಏನಿದೆ?

ತೆಂಗಿನಕಾಯಿ, ಅಡಕೆ ಮರ, ಬುಡಸಮೇತ ಕಿತ್ತು ಬಂದ ಬಿದಿರಿನ ಮೆಳೆ ಇವೆಲ್ಲ ಎಲ್ಲರ ಕಣ್ಣಿಗೂ ಬೀಳುತ್ತವೆ. ನೆರೆ ಇಳಿದ ಮೇಲೆ ದಡದ ಪೊದೆಗಳಲ್ಲಿ ನೇತಾಡುವ ತೊಟ್ಟೆಗಳೂ ಹಳೆಯ ಬಟ್ಟೆಗಳೂ ಕಾಣುತ್ತವೆ. ಕಡಬದ ಬಳಿ ಹೊಸ್ಮಠದಲ್ಲಿ ಹಿಂದೆ ಮುಳುಗು ಸೇತುವೆ ಇದ್ದಾಗ ಅದರ ಮೇಲೆ ನೀರು ಹತ್ತಿ ಇಳಿದ ನಂತರ ಮೊದಲ ಕೆಲಸವೇ ಸಿಕ್ಕಿಹಾಕಿಕೊಂಡ ಕಸ ಕೀಳುವುದು. ಇವು ದಾರಿಯಲ್ಲಿ ಉಳಿದವು. ಉಳಿಯದೆ ಹೋದವು ಎರಡು ಬಗೆ: ತೇಲಿ ಕಡಲು ಸೇರಿದ ದೊಡ್ಡ ವಸ್ತುಗಳು ಒಂದು, ಬಿಸಿಲಿಗೆ ಒಣಗಿ, ಕಲ್ಲಿಗೆ ಉಜ್ಜಿ ಪುಡಿಯಾದ ಚೂರುಗಳು ಇನ್ನೊಂದು. ಈ ಎರಡನೆಯ ಬಗೆಗೆ 2004ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಮ್ಸನ್ ಮತ್ತು ಸಂಗಡಿಗರು 'ಮೈಕ್ರೋಪ್ಲಾಸ್ಟಿಕ್' ಎಂಬ ಹೆಸರನ್ನು ರೂಢಿಗೆ ತಂದರು. ಐದು ಮಿಲಿಮೀಟರಿಗಿಂತ ಸಣ್ಣದು, ಅಂದರೆ ಅಕ್ಕಿಕಾಳಿನ ಉದ್ದಕ್ಕಿಂತ ಕಡಿಮೆ ಇರುವುದೆಲ್ಲ ಈ ಗುಂಪಿಗೆ ಎಂದು 2008ರಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆ ಕರೆದ ವಿಜ್ಞಾನಿಗಳ ಸಭೆಯಲ್ಲಿ ತೀರ್ಮಾನವಾಯಿತು.

ಪುತ್ತೂರು, ಸುಳ್ಯ, ಕಡಬ ಈ ಮೂರೂ ತಾಲೂಕುಗಳಿಗೆ ಒಂದು ಗಜದಷ್ಟು ಕಡಲ ದಂಡೆಯೂ ಇಲ್ಲ. ಆದರೂ ಕಡಲಿಗೆ ಇವು ದೂರದವಲ್ಲ. ಪುಷ್ಪಗಿರಿಯ ಕಡೆಯಿಂದ ಇಳಿಯುವ ಕುಮಾರಧಾರಾ ಸುಬ್ರಹ್ಮಣ್ಯವನ್ನು ಮುಟ್ಟಿ, ಗುಂಡ್ಯ ಹೊಳೆಯನ್ನು ಕೂಡಿಸಿಕೊಂಡು ಉಪ್ಪಿನಂಗಡಿಗೆ ಬಂದು ನೇತ್ರಾವತಿಯಾಗುತ್ತದೆ. ಮುಂದೆ ತುಂಬೆಯ ಅಣೆಕಟ್ಟನ್ನು ದಾಟಿ ಉಳ್ಳಾಲದ ಬಳಿ ಅರಬ್ಬೀ ಸಮುದ್ರ. ಸುಳ್ಯದ ಪಯಸ್ವಿನಿಯ ದಾರಿ ಬೇರೆ. ಅದು ಗಡಿ ದಾಟಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಹಾಗಾಗಿ ಸುಳ್ಯ ಪೇಟೆಯಲ್ಲಿ ಚರಂಡಿಗೆ ಬಿದ್ದ ಚಾಕಲೇಟಿನ ಹೊದಿಕೆ ಕೇರಳದ ಕಡಲಿನ ಲೆಕ್ಕಕ್ಕೆ, ಕಡಬದಲ್ಲಿ ಬಿದ್ದದ್ದು ಮಂಗಳೂರಿನ ಕಡಲಿನ ಲೆಕ್ಕಕ್ಕೆ. ಆ ಲೆಕ್ಕವನ್ನು ಹೇಗೆ ಮಾಡುತ್ತಾರೆ ಎಂಬುದೇ ಇಲ್ಲಿ ಹೇಳಹೊರಟ ವಿಷಯ.

ಮೊದಲು ಎಣಿಸಿದವರು ಪ್ಲಾಸ್ಟಿಕ್ಕನ್ನು ಹುಡುಕಿ ಹೋದವರೇ ಅಲ್ಲ. ಕಡಲ ಜೀವವಿಜ್ಞಾನಿಗಳು ನೀರಿನ ಮೇಲ್ಪದರದಲ್ಲಿ ತೇಲುವ ಸಣ್ಣ ಸಸ್ಯ, ಪ್ರಾಣಿಗಳನ್ನು, ಎಂದರೆ ಪ್ಲವಕಗಳನ್ನು, ಹಿಡಿಯಲು ನಯವಾದ ಬಲೆ ಎಳೆಯುತ್ತಿದ್ದರು. ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯ ಎಡ್ವರ್ಡ್ ಕಾರ್ಪೆಂಟರ್ 1971ರಲ್ಲಿ ಅಟ್ಲಾಂಟಿಕ್ ಸಾಗರದ ಸರ್ಗಾಸೋ ಭಾಗದಲ್ಲಿ ಹೀಗೆ ಬಲೆ ಎಳೆದಾಗ ಪಾಚಿಯೊಂದಿಗೆ ಬಿಳಿ ಬಿಳಿ ಚೂರುಗಳು ಬಂದವು. ಬೇರೆಯವರಾದರೆ ಕಸವೆಂದು ಎಸೆದು ಮುಂದಿನ ಕೆಲಸಕ್ಕೆ ಹೋಗುತ್ತಿದ್ದರೋ ಏನೋ. ಅವರು ಎಣಿಸಿದರು, ತೂಗಿದರು. ಒಂದು ಚದರ ಕಿಲೋಮೀಟರಿಗೆ ಸರಾಸರಿ 3500 ಚೂರು, 290 ಗ್ರಾಮ್. ಈ ವರದಿ 1972ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಲೋಕ ಅದನ್ನು ಓದಿ ಮರೆತುಬಿಟ್ಟಿತು. 1999ರಲ್ಲಿ ಚಾರ್ಲ್ಸ್ ಮೂರ್ ಎಂಬವರು ಉತ್ತರ ಪೆಸಿಫಿಕ್ ಸಾಗರದ ನಡುವೆ ಬಲೆ ಎಳೆದಾಗ ಸಿಕ್ಕ ಸರಾಸರಿ ಚದರ ಕಿಲೋಮೀಟರಿಗೆ 3,34,271 ಚೂರು. ತೂಕದಲ್ಲಿ ಪ್ಲಾಸ್ಟಿಕ್ ಅಲ್ಲಿನ ಪ್ಲವಕಗಳ ಸುಮಾರು ಆರು ಪಟ್ಟು. ಆಮೇಲೆ ಯಾರಿಗೂ ಮರೆಯಲು ಆಗಲಿಲ್ಲ.

ಈ ಕೆಲಸದ ಮುಖ್ಯ ಸಾಧನ 'ಮಾಂಟಾ' ಬಲೆ. ಮಾಂಟಾ ಎಂಬುದು ತೊರಕೆ ಮೀನಿನ ಬಳಗದ ದೊಡ್ಡದೊಂದು ಜಾತಿ. ಎರಡು ರೆಕ್ಕೆ ಬಿಡಿಸಿ, ಬಾಯಿ ತೆರೆದು ಈಜುವಂಥದ್ದು. ಬಲೆಯೂ ಹಾಗೆಯೇ ಇದೆ. ಮುಂದೆ ಲೋಹದ ಆಯತಾಕಾರದ ಬಾಯಿ, ಎರಡೂ ಪಕ್ಕ ತೇಲುವ ರೆಕ್ಕೆ, ಹಿಂದೆ ಎರಡು ಮೂರು ಮೀಟರ್ ಉದ್ದದ ಚೀಲ. ಚೀಲದ ಕಣ್ಣು ಸಾಮಾನ್ಯವಾಗಿ 0.33 ಮಿಲಿಮೀಟರ್. ತುದಿಯಲ್ಲಿ ಬಿಚ್ಚಿ ತೆಗೆಯಬಹುದಾದ ಒಂದು ಡಬ್ಬಿ. ಬಾಯಿಯ ಅರ್ಧ ನೀರಿನೊಳಗೆ, ಅರ್ಧ ಹೊರಗೆ ಇರುವಂತೆ ಇದನ್ನು ದೋಣಿಯ ಪಕ್ಕದಿಂದ ಎಳೆಯುತ್ತಾರೆ. ಹಿಂದಿನಿಂದ ಯಾಕೆ ಎಳೆಯುವುದಿಲ್ಲವೆಂದರೆ, ಇಂಜಿನ್ನಿನ ಪಂಖ ಕಡೆದ ನೀರಿನಲ್ಲಿ ಮೇಲಿನದು ಕೆಳಗೆ ಹೋಗಿರುತ್ತದೆ. ದೋಣಿಯ ಬಣ್ಣದ ಚಕ್ಕೆಗಳೂ ಬಲೆಗೆ ಬೀಳಬಹುದು.

ಇನ್ನು ಲೆಕ್ಕ. ಹತ್ತನೆಯ ತರಗತಿಯವರಿಗೆ ಇದು ಕಷ್ಟವಲ್ಲ. ಬಲೆಯ ಬಾಯಿಯ ಅಗಲ 60 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ದೋಣಿ ಗಂಟೆಗೆ ಎರಡು ನಾಟಿಕಲ್ ಮೈಲಿಯಂತೆ ಅರ್ಧ ಗಂಟೆ ಹೋಯಿತು. ಅಂದರೆ ಒಂದು ನಾಟಿಕಲ್ ಮೈಲಿ, 1852 ಮೀಟರ್. ಬಲೆ ಗುಡಿಸಿದ ನೀರಿನ ಮೇಲ್ಮೈ 0.6 ಗುಣಿಸು 1852, ಸುಮಾರು 1111 ಚದರ ಮೀಟರ್. ಡಬ್ಬಿಯಲ್ಲಿ 100 ಚೂರು ಸಿಕ್ಕಿದರೆ ಚದರ ಮೀಟರಿಗೆ 0.09, ಚದರ ಕಿಲೋಮೀಟರಿಗೆ 90,000. ಬಲೆಯ ಬಾಯಿ ನೀರಿನೊಳಗೆ 10 ಸೆಂಟಿಮೀಟರ್ ಮುಳುಗಿತ್ತು ಎಂದಾದರೆ ಸೋಸಿದ ನೀರು ಸುಮಾರು 111 ಘನ ಮೀಟರ್. ಆಗ ಅದೇ ನೂರು ಚೂರು ಘನ ಮೀಟರಿಗೆ 0.9 ಆಗುತ್ತದೆ. ಒಬ್ಬರು 90,000 ಎಂದೂ ಇನ್ನೊಬ್ಬರು 0.9 ಎಂದೂ ಬರೆದರೆ ಇಬ್ಬರೂ ಹೇಳುತ್ತಿರುವುದು ಒಂದೇ ಡಬ್ಬಿಯ ಕತೆ! ಪತ್ರಿಕೆಯಲ್ಲಿ ದೊಡ್ಡ ಸಂಖ್ಯೆ ಕಂಡು ಬೆಚ್ಚುವ ಮೊದಲು ಅದರ ಕೆಳಗಿನ ಮಾನವನ್ನು ನೋಡಿಕೊಳ್ಳಬೇಕಾದ್ದು ಇದಕ್ಕೇ. ನೀರು ನಿಂತಲ್ಲಿ ನಿಲ್ಲುವುದಿಲ್ಲ, ಪ್ರವಾಹವಿರುತ್ತದೆ. ಆದ್ದರಿಂದ ಬಲೆಯ ಬಾಯಲ್ಲಿ ನೀರು ತಿರುಗಿಸುವ ಚಿಕ್ಕ ಚಕ್ರದ ಮೀಟರನ್ನೂ ಕಟ್ಟುತ್ತಾರೆ.

ಡಬ್ಬಿ ದಡಕ್ಕೆ ಬಂದ ಮೇಲೆ ಪ್ರಯೋಗಾಲಯದ ಕೆಲಸ. ಅದರಲ್ಲಿ ಪ್ಲಾಸ್ಟಿಕ್ ಮಾತ್ರ ಇರುವುದಿಲ್ಲ. ಪಾಚಿ, ಸೀಗಡಿಯ ಮರಿ, ಎಲೆಯ ಪುಡಿ, ಮರಳು, ಗರಿ ಎಲ್ಲ ಕಲಸಿ ಗಂಜಿಯಂತೆ ಆಗಿರುತ್ತದೆ. ಮೊದಲು ಜರಡಿ. ಆಮೇಲೆ ಹೈಡ್ರೋಜನ್ ಪೆರಾಕ್ಸೈಡಿಗೆ ಕಬ್ಬಿಣದ ಲವಣವನ್ನು ಸೇರಿಸಿ ಬಿಸಿ ಮಾಡುತ್ತಾರೆ. ಜೀವಿಗಳಿಂದ ಬಂದ ಪದಾರ್ಥ ಉರಿದಂತೆ ಕರಗಿಹೋಗುತ್ತದೆ, ಸಾಮಾನ್ಯ ಪ್ಲಾಸ್ಟಿಕ್ ಹೆಚ್ಚಾಗಿ ಉಳಿಯುತ್ತದೆ. (ಇದು ಉಕ್ಕಿ ಸುಡುವ ಮಿಶ್ರಣ, ಮನೆಯಲ್ಲಿ ಮಾಡುವಂಥದ್ದಲ್ಲ.) ಉಳಿದ ಮರಳನ್ನು ಬೇರ್ಪಡಿಸಲು ಉಪ್ಪುನೀರು.

ಉಪ್ಪುನೀರಿನ ಈ ಉಪಾಯ ಬೇಸಾಯಗಾರರ ಮನೆಯ ಹಿರಿಯರಿಗೆ ಹೊಸದಲ್ಲ. ಬಿತ್ತನೆಯ ಭತ್ತವನ್ನು ಆರಿಸುವಾಗ ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಹಾಕಿದ ನೀರಿಗೆ ಬೀಜ ಸುರಿಯುವ ಕ್ರಮವಿದೆ. ಜೊಳ್ಳು ಮೇಲೆ, ಗಟ್ಟಿ ಕಾಳು ಕೆಳಗೆ. ಪ್ರಯೋಗಾಲಯದಲ್ಲಿ ಬೇಕಾದ್ದು ಜೊಳ್ಳು, ಅಷ್ಟೇ ವ್ಯತ್ಯಾಸ. ಇನ್ನು ಕರಗದಷ್ಟು ಉಪ್ಪು ಹಾಕಿದ ನೀರಿನ ಸಾಂದ್ರತೆ ಸುಮಾರು 1.2. ಮರಳಿನದು 2.65, ಅದು ತಳ ಹಿಡಿಯುತ್ತದೆ. ತೊಟ್ಟೆಯ ಪಾಲಿಥೀನ್ 0.91ರಿಂದ 0.96, ಹಗ್ಗದ ಪಾಲಿಪ್ರೊಪಿಲೀನ್ 0.9, ಇವು ಮೇಲೆ ಬರುತ್ತವೆ. ಆದರೆ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್? ಅದರ ಸಾಂದ್ರತೆ 1.38. ಅದು ಉಪ್ಪುನೀರಿನಲ್ಲೂ ಮುಳುಗುತ್ತದೆ. ಅದನ್ನು ಎತ್ತಲು ಸತುವಿನ ಕ್ಲೋರೈಡಿನಂಥ ಭಾರದ ದ್ರಾವಣ ಬೇಕು.

ಇದನ್ನು ಮಕ್ಕಳು ಮನೆಯಲ್ಲೇ ನೋಡಬಹುದು. ಖಾಲಿ ನೀರಿನ ಬಾಟಲಿಯಿಂದ ಬೆರಳಗಲದ ಒಂದು ತುಂಡು ಕತ್ತರಿಸಿ, ಅದರ ಮುಚ್ಚಳದಿಂದ ಇನ್ನೊಂದು. ಎರಡನ್ನೂ ಒದ್ದೆ ಮಾಡಿ, ಗಾಳಿಗುಳ್ಳೆ ಅಂಟಿರದಂತೆ ನೋಡಿ, ಬಾಲ್ದಿಗೆ ಹಾಕಿ. ಮುಚ್ಚಳದ ತುಂಡು ತೇಲುತ್ತದೆ, ಬಾಟಲಿಯ ತುಂಡು ಮುಳುಗುತ್ತದೆ. ಕಡಲಿನ ನೀರಿನ ಸಾಂದ್ರತೆ 1.025 ಮಾತ್ರ, ಅಲ್ಲಿಯೂ ಇದೇ ಫಲ. ಅಂದರೆ ಮೇಲ್ಮೈಯಲ್ಲಿ ಬಲೆ ಎಳೆದವನಿಗೆ ಮುಚ್ಚಳಗಳು ಸಿಗುತ್ತವೆ, ಬಾಟಲಿಗಳ ಪುಡಿ ಬಹುಪಾಲು ಸಿಗುವುದಿಲ್ಲ. ನೈಲಾನ್ ಬಲೆಯ ಎಳೆ, ಪೈಪಿನ ಪಿ.ವಿ.ಸಿ., ಟಯರಿನ ಪುಡಿ ಇವೂ ನೀರಿಗಿಂತ ಭಾರ. ತೇಲಿದ ಪಾಲಿಥೀನ್ ಕೂಡ ಬಹಳ ದಿನ ಹಾಗೆಯೇ ಇರುತ್ತದೆಂದು ಹೇಳುವಂತಿಲ್ಲ. ಪಾಚಿ ಬೆಳೆದು, ಚಿಪ್ಪಿನ ಜೀವಿಗಳು ಹತ್ತಿ ಕೂತು, ಭಾರವಾಗಿ ಇಳಿಯುತ್ತದೆ.

ಬಲೆಯ ಕಣ್ಣಿನದು ಇನ್ನೊಂದು ಕತೆ. ಬಟ್ಟೆಯಿಂದ ಉದುರಿದ ಎಳೆ ಎರಡು ಮಿಲಿಮೀಟರ್ ಉದ್ದವಿದ್ದರೂ ದಪ್ಪ ಕೂದಲಿಗಿಂತ ಕಡಿಮೆ. ಅದು 0.33 ಮಿಲಿಮೀಟರಿನ ಕಣ್ಣಿನಲ್ಲಿ ಸೂಜಿಯಂತೆ ನುಸುಳಿ ಹೋಗುತ್ತದೆ. ಹಾಗೆ ಎಷ್ಟು ಎಳೆ ಉದುರೀತು? ಪ್ಲಿಮತ್ತಿನ ಇಬ್ಬರು ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಂದಾಜಿನಂತೆ ವಾಶಿಂಗ್ ಮಶೀನಿನಲ್ಲಿ ಆರು ಕಿಲೋ ಪಾಲಿಯೆಸ್ಟರ್ ಬಟ್ಟೆಯನ್ನು ಒಂದು ಬಾರಿ ಒಗೆದರೆ ಸುಮಾರು 4,96,000 ಎಳೆ. ಅಕ್ರಿಲಿಕ್ ಉಣ್ಣೆಯಾದರೆ 7,28,000. ಹತ್ತಿ ಬೆರೆಸಿದ ಪಾಲಿಯೆಸ್ಟರಿಗೆ 1,38,000ದಷ್ಟು.

ಉದುರುವ ಎಳೆಗಳು ಅಳೆಯುವವರಿಗೂ ತಲೆನೋವು ತರುತ್ತವೆ. ಪ್ರಯೋಗಾಲಯದ ಗಾಳಿಯಲ್ಲಿ ಎಳೆಗಳಿವೆ, ಅಳೆಯುವವರ ಅಂಗಿಯಲ್ಲಿವೆ, ಕುರ್ಚಿಯ ಹೊದಿಕೆಯಲ್ಲಿವೆ. ಜಾಗ್ರತೆ ತಪ್ಪಿದರೆ ಕಡಲಿನ ಲೆಕ್ಕವೆಂದು ತಮ್ಮ ಅಂಗಿಯ ಲೆಕ್ಕವನ್ನೇ ಬರೆದಂತಾಗುತ್ತದೆ. ಆದ್ದರಿಂದ ಒಳ್ಳೆಯ ಪ್ರಯೋಗಾಲಯದಲ್ಲಿ ಹತ್ತಿಯ ಬಟ್ಟೆ ತೊಡುತ್ತಾರೆ, ಗಾಜು ಮತ್ತು ಲೋಹದ ಪಾತ್ರೆಗಳನ್ನೇ ಬಳಸುತ್ತಾರೆ, ಸೋಸಿದ ನೀರಿನಲ್ಲಿ ಮೂರು ಬಾರಿ ತೊಳೆಯುತ್ತಾರೆ. ಮುಖ್ಯವಾಗಿ, ಮಾದರಿಯ ಪಕ್ಕದಲ್ಲೇ ಶುದ್ಧ ನೀರಿನ ಒಂದು ತಟ್ಟೆಯನ್ನು ತೆರೆದಿಟ್ಟಿರುತ್ತಾರೆ. ಕೊನೆಗೆ ಅದನ್ನೂ ಸೋಸಿ, ಅದರಲ್ಲಿ ಬಿದ್ದ ಎಳೆಗಳ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಈ 'ಖಾಲಿ ತಟ್ಟೆ'ಯ ಉಲ್ಲೇಖವಿಲ್ಲದ ವರದಿಯನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಶಾಲಾ ವಿಜ್ಞಾನ ಮೇಳಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ.

ಸೂಕ್ಷ್ಮದರ್ಶಕದಲ್ಲಿ ಕಂಡ ಚೂರು ಪ್ಲಾಸ್ಟಿಕ್ಕೇ ಎಂದು ತಿಳಿಯುವುದು ಹೇಗೆ? ಅಗ್ಗದ ದಾರಿ ಬಿಸಿ ಸೂಜಿ. ಮುಟ್ಟಿಸಿದರೆ ಸಾಮಾನ್ಯ ಪ್ಲಾಸ್ಟಿಕ್ ಮುದುಡಿ ಕರಗುತ್ತದೆ. ಚಿಪ್ಪಿನ ಚೂರು, ನಾರು ಕರಗುವುದಿಲ್ಲ. ಯಾವ ಪ್ಲಾಸ್ಟಿಕ್ ಎಂದು ತಿಳಿಯಬೇಕಾದರೆ ಬೆಳಕು ಬೇಕು. ಅತಿರಕ್ತ ಕಿರಣಗಳಲ್ಲಿ ಯಾವುದನ್ನು ಹೀರುತ್ತದೆ ಎಂದು ನೋಡುವುದು ಒಂದು ವಿಧಾನ. ಇನ್ನೊಂದು, ಲೇಸರ್ ಬೆಳಕು ಬಿಟ್ಟು, ಚದುರಿ ಬರುವಾಗ ಅದರ ಬಣ್ಣದಲ್ಲಾಗುವ ಅತಿ ಸಣ್ಣ ಬದಲಾವಣೆಯನ್ನು ನೋಡುವುದು. ಇದೇ ರಾಮನ್ ಪರಿಣಾಮ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಕಡಲಿನ ನೀಲಿ ಬಣ್ಣ ಕಂಡು ಸಿ.ವಿ. ರಾಮನ್ ಅವರು ಹಿಡಿದ ಯೋಚನೆಯ ಎಳೆ 1928ರ ಫೆಬ್ರವರಿ 28ರಂದು ಈ ಪರಿಣಾಮದವರೆಗೆ ಬಂದು ನಿಂತಿತು. ಕಡಲ ನೀರನ್ನು ನೋಡಿ ಹುಟ್ಟಿದ ವಿದ್ಯೆ ಇಂದು ಅದೇ ನೀರಿನ ಕಸವನ್ನು ಗುರುತಿಸಲು ಒದಗಿದೆ.

ಎಣಿಸಿದರೆ ಸಾಕೆ, ತೂಗಲೂ ಬೇಕೆ? ಐದು ಮಿಲಿಮೀಟರ್ ಬದಿಯ ಒಂದು ಪ್ಲಾಸ್ಟಿಕ್ ಘನವನ್ನು ಯೋಚಿಸಿ. ಅದು ಅರ್ಧ ಮಿಲಿಮೀಟರ್ ಬದಿಯ ಘನಗಳಾಗಿ ಒಡೆದರೆ ಚೂರುಗಳು 1000. ತೂಕ ಅಷ್ಟೇ. ಹೊರಮೈ ಮಾತ್ರ 150 ಚದರ ಮಿಲಿಮೀಟರಿನಿಂದ 1500ಕ್ಕೆ, ಹತ್ತು ಪಟ್ಟು. ಕಡಲಿಗೆ ಒಂದು ಗ್ರಾಮ್ ಕಸವೂ ಹೊಸದಾಗಿ ಸೇರದಿದ್ದರೂ ಎಣಿಕೆ ಸಾವಿರ ಪಟ್ಟು ಏರಬಹುದು! ಮೀನಿನ ಬಾಯಿಗೆ ಹೋಗುವುದು ಎಣಿಕೆಯ ಪ್ರಕಾರ, ನೀರಿನ ರಾಸಾಯನಿಕಗಳು ಅಂಟಿಕೊಳ್ಳುವುದು ಹೊರಮೈಯ ಪ್ರಕಾರ, ಕಾರ್ಖಾನೆಯಿಂದ ಹೊರಬಂದದ್ದರೊಂದಿಗೆ ತಾಳೆ ನೋಡಬೇಕಾದ್ದು ತೂಕದ ಪ್ರಕಾರ. ಮೂರೂ ಬೇಕು.

ತಾಳೆ ನೋಡಿದಾಗ ಬಂದದ್ದು ವಿಚಿತ್ರ ಫಲ. 2010ನೇ ಇಸವಿ ಒಂದರಲ್ಲೇ ನೆಲದಿಂದ ಕಡಲಿಗೆ ಸೇರಿದ ಪ್ಲಾಸ್ಟಿಕ್ 48 ಲಕ್ಷದಿಂದ 127 ಲಕ್ಷ ಟನ್ ಎಂದು 2015ರಲ್ಲಿ ಪ್ರಕಟವಾದ ಅಂದಾಜು. ಎಲ್ಲ ಸಾಗರಗಳ ಮೇಲೆ ತೇಲುತ್ತಿರುವುದು ಒಟ್ಟು 2,68,940 ಟನ್, 5.25 ಲಕ್ಷ ಕೋಟಿ ಚೂರು ಎಂದು 2014ರ ಇನ್ನೊಂದು ಅಂದಾಜು. ಅದೇ ಸಂಶೋಧಕರ ಬಳಗ 1979ರಿಂದ 2019ರವರೆಗಿನ 11,777 ಸ್ಥಳಗಳ ಮಾಹಿತಿ ಒಟ್ಟುಹಾಕಿ 2023ರಲ್ಲಿ ಹೇಳಿದ್ದು 171 ಲಕ್ಷ ಕೋಟಿ ಚೂರು, 23 ಲಕ್ಷ ಟನ್. ಆದರೂ ವರ್ಷವರ್ಷದ ಜಮೆಗೆ ಹೋಲಿಸಿದರೆ ಉಳಿಕೆ ಬಹಳ ಕಡಿಮೆ. ಮಿಕ್ಕಿದ್ದು ತಳದ ಕೆಸರಿನಲ್ಲಿದೆ, ದಂಡೆಯ ಮರಳಿನಲ್ಲಿದೆ, ಬಲೆಯ ಕಣ್ಣಿಗೆ ಸಿಗದಷ್ಟು ಸಣ್ಣದಾಗಿದೆ, ಅಥವಾ ಇನ್ನೂ ಹೊಳೆಗಳಲ್ಲೇ ಇದೆ.

ಹೊಳೆಗಳಲ್ಲೇ ಇದೆ ಎಂಬ ಮಾತು ಈ ಭಾಗದವರಿಗೆ ಸಂಬಂಧಪಟ್ಟದ್ದು. 2020ರಲ್ಲಿ ಮಣಿಪಾಲದ ಸಂಶೋಧಕರಾದ ಕೆ. ಅಮೃತಾ ಮತ್ತು ಅನೀಶ್ ಕುಮಾರ್ ವಾರಿಯರ್ ಅವರು ನೇತ್ರಾವತಿಯ ನೀರು, ಹೊಳೆಯ ಹೂಳು, ದಡದ ಮಣ್ಣು ಮೂರನ್ನೂ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಮೂಲದಿಂದ ಕಡಲಿನವರೆಗೆ ಒಂದು ನದಿಯನ್ನು ಹಿಡಿದು ನೋಡಿದ ಇಂಥ ಕೆಲಸ ಈ ದೇಶಕ್ಕೆ ಆಗ ಹೊಸದು. ಅವರಿಗೆ ಸಿಕ್ಕ ಸರಾಸರಿ ಹೀಗಿದೆ: ಒಂದು ಘನ ಮೀಟರ್ ನೀರಿನಲ್ಲಿ 288 ಚೂರು, ಒಂದು ಕಿಲೋ ಹೂಳಿನಲ್ಲಿ 96, ಒಂದು ಕಿಲೋ ಮಣ್ಣಿನಲ್ಲಿ 84. ಎಳೆ, ಹಾಳೆ, ತುಂಡು ಇವು ಮುಖ್ಯ ಬಗೆಗಳು. ಪಾಲಿಥೀನ್ ಮತ್ತು ಪೆಟ್ ಮುಖ್ಯ ಪದಾರ್ಥಗಳು. ತೊಟ್ಟೆ, ಬಾಟಲಿ, ಬಟ್ಟೆ ಎಂದು ಬಿಡಿಸಿ ಓದಿಕೊಳ್ಳಬಹುದು. ಪೆಟ್ ಮತ್ತು ಪಾಲಿಯೆಸ್ಟರ್ ನೂಲು ಒಂದೇ ಪದಾರ್ಥ.

288 ಎಂದರೆ ಹೆಚ್ಚೋ ಕಡಿಮೆಯೋ? ಆಸ್ಟ್ರಿಯಾದಲ್ಲಿ ಡ್ಯಾನ್ಯೂಬ್ ನದಿಗೆ 2010ರಿಂದ 2012ರವರೆಗೆ ಬಲೆ ಒಡ್ಡಿ ನಿಂತವರಿಗೆ ಸಾವಿರ ಘನ ಮೀಟರ್ ನೀರಿನಲ್ಲಿ 317 ಪ್ಲಾಸ್ಟಿಕ್ ಚೂರು, 275 ಮೀನಿನ ಮರಿ ಸಿಕ್ಕವು. ಮೀನಿಗಿಂತ ಪ್ಲಾಸ್ಟಿಕ್ ಹೆಚ್ಚೆಂದು ಯುರೋಪಿನಲ್ಲೆಲ್ಲ ಸುದ್ದಿಯಾಯಿತು. ಲೆಕ್ಕ ಹಾಕಿದರೆ ಘನ ಮೀಟರಿಗೆ 0.317 ಮಾತ್ರ. ಹಾಗಾದರೆ ನೇತ್ರಾವತಿ ಡ್ಯಾನ್ಯೂಬಿಗಿಂತ ಒಂಬೈನೂರು ಪಟ್ಟು ಹೊಲಸೇ? ಭಾಗಾಕಾರ ಸರಿ, ತೀರ್ಮಾನ ತಪ್ಪು. ಡ್ಯಾನ್ಯೂಬಿನ ಬಲೆಯ ಕಣ್ಣು ಅರ್ಧ ಮಿಲಿಮೀಟರ್. ಅದಕ್ಕಿಂತ ಸಣ್ಣದು, ಎಳೆಗಳು ಎಲ್ಲ ಅದರಲ್ಲಿ ಹಾದುಹೋಗಿರುತ್ತವೆ. ಚೂರು ಸಣ್ಣದಾದಂತೆ ಸಂಖ್ಯೆ ಏರುತ್ತದೆ ಎಂಬುದನ್ನು ಮೇಲಿನ ಘನದ ಲೆಕ್ಕದಲ್ಲಿ ನೋಡಿದ್ದೇವೆ. ಅಲ್ಲಿ ಸಿಕ್ಕವುಗಳಲ್ಲಿ ಶೇಕಡಾ 79ರಷ್ಟು ಕಾರ್ಖಾನೆಯ ಕಚ್ಚಾ ಪ್ಲಾಸ್ಟಿಕ್ ಕಾಳುಗಳು. ಇಲ್ಲಿನ ಎಳೆ, ಹಾಳೆಗಳ ಜಾತಿಯೇ ಬೇರೆ. ಕಣ್ಣು, ನೀರಿನ ಪ್ರಮಾಣ, ಋತು ಇವು ಒಂದೇ ಆಗಿರದ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವ ಊರನ್ನೂ ಬೈಯುವಂತಿಲ್ಲ, ಹೊಗಳುವಂತೆಯೂ ಇಲ್ಲ.

ಋತುವಿನ ಮಾತು ಬಂತು. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುವ ಸೀಮೆ ಇದು. ಹೊಳೆ ತನ್ನ ತಳವನ್ನು ಗುಡಿಸುವುದೂ ಆಗಲೇ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸುತ್ತಿನ ಹೊಳೆಗಳಲ್ಲಿ ಪ್ರವಾಹದ ಮೊದಲೂ ನಂತರವೂ ತಳದ ಕೆಸರನ್ನು ಪರೀಕ್ಷಿಸಿದವರು, ಅಲ್ಲಿ ಸೇರಿಕೊಂಡಿದ್ದ ಮೈಕ್ರೋಪ್ಲಾಸ್ಟಿಕ್‌ನ ಸುಮಾರು ಶೇಕಡಾ 70ರಷ್ಟು ನೆರೆಯಲ್ಲಿ ತೊಳೆದುಹೋಗಿತ್ತೆಂದು 2018ರಲ್ಲಿ ವರದಿ ಮಾಡಿದರು. ಕುಮಾರಧಾರೆಯ ನೆರೆಯ ಮುಂದೆ ಆ ಹೊಳೆಗಳ ನೆರೆ ಚಿಕ್ಕದು. ಆದರೆ ಅದೇ ಜೂನ್ ಒಂದರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗಿನ ಕಡಲಿಗೆ ಬಲೆ ಎಳೆಯುವ ಸಣ್ಣ ದೋಣಿಯನ್ನು ಇಳಿಸುವುದೂ ಜೀವದ ಮೇಲಿನ ಆಟ. ಹೋದರೂ ಸರಿಯಾದ ಲೆಕ್ಕ ಸಿಗದು. ಗಾಳಿ ಜೋರಾದಾಗ ಅಲೆಗಳು ಕಡೆದು ತೇಲುವ ಚೂರುಗಳೂ ಹಲವು ಮೀಟರ್ ಕೆಳಗೆ ಇಳಿಯುತ್ತವೆ, ಮೇಲ್ಮೈಯ ಬಲೆ ಕಡಿಮೆ ಹೇಳುತ್ತದೆ ಎಂದು 2012ರಲ್ಲೇ ತೋರಿಸಿಕೊಟ್ಟಿದ್ದಾರೆ. ಹೀಗೆ ಅತಿ ಹೆಚ್ಚು ಬರುವ ಕಾಲದಲ್ಲೇ ಕಡಲಿನ ಅಳತೆ ಅತಿ ಕಷ್ಟ.

ಕಡಲಿಗೆ ಇಳಿದದ್ದು ಇಳಿದಲ್ಲಿ ನಿಲ್ಲುವುದೂ ಇಲ್ಲ. ಪಶ್ಚಿಮ ಕರಾವಳಿಯ ಪ್ರವಾಹ ಮುಂಗಾರಿನಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ ಹರಿಯುತ್ತದೆ. 2025ರ ಮೇ 25ರಂದು ಕೊಚ್ಚಿಯ ಹೊರಗೆ 640 ಕಂಟೇನರುಗಳೊಂದಿಗೆ ಮುಳುಗಿದ 'ಎಂ.ಎಸ್.ಸಿ. ಎಲ್ಸಾ 3' ಹಡಗಿನಿಂದ ಹೊರಬಿದ್ದ ಬಿಳಿ ಪ್ಲಾಸ್ಟಿಕ್ ಕಾಳುಗಳು ಕೆಲವೇ ದಿನಗಳಲ್ಲಿ ದಕ್ಷಿಣದ ತಿರುವನಂತಪುರದ ದಂಡೆಗಳಲ್ಲಿ ರಾಶಿಬಿದ್ದವು. ಸಾಬಕ್ಕಿಯಂತೆ ಕಾಣುವ ಆ ಕಾಳುಗಳನ್ನು ಮರಳಿನಿಂದ ಆರಿಸಲು ಜನ ಜರಡಿ ಹಿಡಿದು ಕುಳಿತರು.

ಅಡಕೆ, ರಬ್ಬರಿನ ಸೀಮೆಯಲ್ಲಿ ಹಡಗು ಮುಳುಗುವುದಿಲ್ಲ, ನಿಜ. ಆದರೆ ಸುಳ್ಯ, ಕಡಬದ ರಬ್ಬರ್ ತೋಟಗಳಲ್ಲಿ ಮಳೆಗಾಲದಲ್ಲೂ ಹಾಲು ತೆಗೆಯಲೆಂದು ಪ್ರತಿ ಮರದ ಸೊಂಟಕ್ಕೆ ಡಾಂಬರಿನಂಥ ಅಂಟು ಹಚ್ಚಿ ಪ್ಲಾಸ್ಟಿಕ್ ಹಾಳೆಯ ರೈನ್‌ಗಾರ್ಡ್ ಕಟ್ಟುತ್ತಾರೆ. ವರ್ಷ ಕಳೆದ ಹಾಳೆ ಬಿಸಿಲಿಗೆ ಹಪ್ಪಳದಂತಾಗಿ ಮುಟ್ಟಿದರೆ ಪುಡಿಯಾಗುತ್ತದೆ. ಅಡಕೆ ಒಣಗಿಸುವ ಹಾಳೆ, ಸಸಿಯ ತೊಟ್ಟೆ, ಹನಿ ನೀರಾವರಿಯ ಹಳೆಯ ಪೈಪು, ಗೊಬ್ಬರದ ಗೋಣಿ ಇವುಗಳ ಗತಿಯೂ ಅದೇ. ಸೂರ್ಯನ ನೇರಳಾತೀತ ಕಿರಣಗಳು ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುವುದರಿಂದ ಅದು ಬಿರುಸಾಗುತ್ತದೆ. ಗುಡ್ಡದ ತೋಟದಿಂದ ತೋಡಿಗೆ, ತೋಡಿನಿಂದ ಹೊಳೆಗೆ ದಾರಿ ಇಳಿಜಾರೇ. 2022ರ ಜುಲೈ ಒಂದರಿಂದ ದೇಶದಲ್ಲಿ ನಿಷೇಧವಾದ ಒಮ್ಮೆ ಬಳಸಿ ಎಸೆಯುವ ವಸ್ತುಗಳ ಪಟ್ಟಿಯಲ್ಲಿ ಚಮಚ, ಲೋಟ, ಸ್ಟ್ರಾ, ಕಿವಿಕಡ್ಡಿ ಇವೆ. ತೋಟದ ಈ ಹಾಳೆಗಳಿಲ್ಲ. ಪಟ್ಟಿಗೆ ಸೇರಿಸಬೇಕೆಂದು ಹೇಳುವುದು ಸುಲಭ, ಆದರೆ ಮಳೆಗಾಲದ ಹಾಲಿನ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟುವ ಮನೆಗಳಿವೆ. ಮರದಿಂದ ಬಿಚ್ಚಿದ ಹಾಳೆಯನ್ನು ಬುಡದಲ್ಲೇ ಬಿಡದೆ ಕಟ್ಟಿ ಗುಜರಿಗೆ ಕೊಡಲು ಊರಿನಲ್ಲೊಂದು ವ್ಯವಸ್ಥೆಯಾದರೆ ಅಷ್ಟರಮಟ್ಟಿಗೆ ಗೆದ್ದಂತೆ. ಸ್ನಾನಘಟ್ಟಗಳದ್ದು ಇನ್ನೊಂದು ದಾರಿ: ಶಾಂಪೂ ಸ್ಯಾಶೆ, ಮಿಂದು ಬಿಟ್ಟ ಪಾಲಿಯೆಸ್ಟರ್ ಬಟ್ಟೆ. ನದಿತೀರದ ಯಾತ್ರಾಸ್ಥಳಗಳಲ್ಲಿ 500 ಮೀಟರಿನೊಳಗೆ ಸೋಪು, ಶಾಂಪೂ ಮಾರದಂತೆ, ನೀರಿಗೆ ಬಟ್ಟೆ ಬಿಡದಂತೆ ನೋಡಿಕೊಳ್ಳಲು 2025ರ ಮಾರ್ಚಿನಲ್ಲಿ ರಾಜ್ಯದ ಪರಿಸರ ಸಚಿವರು ಅಧಿಕಾರಿಗಳಿಗೆ ಸೂಚನೆ ಕೊಟ್ಟದ್ದಿದೆ.

ಹೆತ್ತವರ ಪ್ರಶ್ನೆ ಬೇರೆ ಇರುತ್ತದೆ: ಮಕ್ಕಳು ಮೀನು ತಿನ್ನಬಹುದೆ, ನೀರು ಕುಡಿಯಬಹುದೆ? ಮೈಕ್ರೋಪ್ಲಾಸ್ಟಿಕ್ ಸಿಕ್ಕಿರುವುದು ಹೆಚ್ಚಾಗಿ ಮೀನಿನ ಕರುಳಿನಲ್ಲಿ. ಬೂತಾಯಿ, ಬಂಗುಡೆಗಳ ಹೊಟ್ಟೆ ತೆಗೆದೇ ಅಡಿಗೆ ಮಾಡುತ್ತಾರೆ. ಇಡಿಯಾಗಿ ತಿನ್ನುವ ಕೊಲ್ಲತರುವಿನಂಥ ಸಣ್ಣ ಒಣಮೀನಿಗೆ ಆ ಅನುಕೂಲವಿಲ್ಲ. ಕುಡಿಯುವ ನೀರಿನ ಬಗೆಗೆ ವಿಶ್ವ ಆರೋಗ್ಯ ಸಂಸ್ಥೆ 2019ರ ವರದಿಯಲ್ಲಿ, ಹಾನಿಯೆಂದು ಹೇಳಲು ಆಧಾರ ಸಾಲದು, ಹೆಚ್ಚಿನ ಸಂಶೋಧನೆ ಬೇಕು ಎಂದಿತು. ಹೊಳೆನೀರಿನ ರೋಗಾಣುಗಳ ಭಯ ಇದಕ್ಕಿಂತ ದೊಡ್ಡದೆಂದೂ ಅದೇ ವರದಿಯ ಅಭಿಪ್ರಾಯ. ಕುದಿಸಿ ಆರಿಸಿ ಕುಡಿಯುವುದನ್ನು ಬಿಡುವ ಕಾರಣವಿಲ್ಲ.

ಕಡಲಿಗೆ ಹೋಗಲಾಗದ ಶಾಲೆಯವರು ಹೊಳೆಯಲ್ಲೇ ಎಣಿಸಿ ನೋಡಬಹುದು. ಮಳೆಗಾಲದಲ್ಲಿ ಖಂಡಿತ ಬೇಡ. ಜನವರಿಯ ಮೇಲೆ, ನೀರು ಮೊಣಕಾಲಿಗಿಂತ ಕಡಿಮೆ ಇರುವ ಜಾಗದಲ್ಲಿ, ದೊಡ್ಡವರೊಂದಿಗೆ. ಇಂಜಿನಿಯರಿಂಗ್ ಕಾಲೇಜುಗಳ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ 300 ಮೈಕ್ರಾನಿನ ಹಿತ್ತಾಳೆಯ ಜರಡಿ ಇರುತ್ತದೆ. ಕೇಳಿ ತರಬಹುದು. ಹತ್ತು ಲೀಟರಿನ ಸ್ಟೀಲ್ ಬಾಲ್ದಿಯಲ್ಲಿ ಹತ್ತು ಬಾರಿ ಮೇಲ್ಮೈಯ ನೀರನ್ನು ತೆಗೆದು ಅದರಲ್ಲಿ ಸುರಿದರೆ 100 ಲೀಟರ್, ಘನ ಮೀಟರಿನ ಹತ್ತನೆಯ ಒಂದು ಭಾಗ. ಮಣಿಪಾಲದವರ ಸರಾಸರಿಯೇ ಇಲ್ಲೂ ಇದ್ದರೆ 29 ಚೂರು ಸಿಗಬೇಕು. ಜರಡಿಯಲ್ಲಿ ಉಳಿದದ್ದನ್ನು ಸೋಸಿದ ನೀರಿನಿಂದ ಗಾಜಿನ ತಟ್ಟೆಗೆ ತೊಳೆದು, ಭೂತಗನ್ನಡಿಯಲ್ಲಿ ನೋಡಿ ಎಣಿಸಬೇಕು. ಪಕ್ಕದಲ್ಲಿ ಖಾಲಿ ತಟ್ಟೆ ಮರೆಯಬಾರದು. 29 ಬರದೆ ಮೂರೇ ಬಂದರೂ, ಅರುವತ್ತು ಬಂದರೂ ಬಂದದ್ದನ್ನೇ ಬರೆಯಬೇಕು. ಜೊತೆಗೆ ತಾರೀಕು, ಹೊಳೆಯ ಹೆಸರು, ಹತ್ತಿರದ ಸೇತುವೆ, ಹಿಂದಿನ ಮಳೆ ಬಂದು ಎಷ್ಟು ದಿನವಾಯಿತು, ಜರಡಿಯ ಕಣ್ಣು, ಖಾಲಿ ತಟ್ಟೆಯಲ್ಲಿ ಎಷ್ಟು ಬಿತ್ತು, ಮತ್ತು ಎಣಿಸಿದವರು ತೊಟ್ಟ ಅಂಗಿಯ ಬಣ್ಣ.